ಗೋಡೆ ಬದಿಯ ಬೆಂಚು

“ದಿನ ಬಿಟ್ಟು ದಿನ,” ಎಂದರು ನನ್ನ ಮಾರ್ಗದರ್ಶಕಿ ಅನಾರ್ಬುಬು ಎಜೆ, ಕನ್ನಡಕವನ್ನು ಹಣೆಗೆ ಏರಿಸಿಕೊಂಡು. “ಇದೇನು ಬುರುಲ್? ನಿಮ್ಮೂರ ಕುರಿಗಳು ದಿನ ಬಿಟ್ಟು ದಿನ ಹುಲ್ಲು ತಿಂತಾವಾ?”

ನನಗೆ ನಗು ಬರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಹಸು ಕರೆದು, ರೊಟ್ಟಿ ಸುಟ್ಟು, ಅತ್ತೆಗೆ ಚಹಾ ಕೊಟ್ಟು, ಮಗಳಿಗೆ ಜಡೆ ಹಾಕಿ, ಮೂವತ್ತೆಂಟು ಕಿಲೋಮೀಟರ್ ಹಿಮದ ರಸ್ತೆಯಲ್ಲಿ ನಾರಿನ್ ಪಟ್ಟಣಕ್ಕೆ ಬಂದಿದ್ದೆ. ಒಂದು ಗಂಟೆಗೆ ಮತ್ತೆ ಊರಲ್ಲಿರಬೇಕು, ಮಧ್ಯಾಹ್ನದ ಪಾಳಿಯ ಎರಡನೇ ತರಗತಿ ನನ್ನದು. ಗಂಡ ಮೇಲಿನ ಬೆಟ್ಟದ ಚಳಿಗಾಲದ ದೊಡ್ಡಿಯಲ್ಲಿ ಕುದುರೆಗಳ ಜೊತೆ ಇದ್ದ, ವಸಂತದವರೆಗೆ ಇಳಿಯುವ ಹಾಗಿರಲಿಲ್ಲ. ಇಷ್ಟರ ನಡುವೆ ಸ್ನಾತಕೋತ್ತರ ಪದವಿ ಬೇರೆ ಬೇಕಿತ್ತಾ ನಿನಗೆ ಎಂದು ಅತ್ತೆ ದಿನಕ್ಕೊಂದು ಸಲ ಕೇಳುತ್ತಿದ್ದರು. ಬೇಕಿತ್ತು. ಏಕೆ ಎಂದು ಅವರಿಗೆ ಹೇಳಲು ಮಾತ್ರ ಬರುತ್ತಿರಲಿಲ್ಲ.

ಹಿರಿಯ ಹೆಂಗಸರನ್ನು ನಾವು ಎಜೆ, ಅಂದರೆ ಅಕ್ಕ, ಎನ್ನುತ್ತೇವೆ. ಈ ಎಜೆಯ ಮೇಜಿನ ಮೇಲೆ ನನ್ನ ನಲವತ್ತೊಂದು ಹಾಳೆಗಳಿದ್ದವು. ಹಳ್ಳಿ ಮಕ್ಕಳ ಮನೆಗೆಲಸ ತರಗತಿಯಲ್ಲಿ ಅವರ ಗಮನದ ಮೇಲೆ ಏನು ಮಾಡುತ್ತದೆ ಎಂಬುದು ನನ್ನ ಸಂಶೋಧನೆ. ನವೆಂಬರ್‌ನಿಂದ ನಮ್ಮ ಶಾಲೆಯ ನಾಲ್ಕನೇ ತರಗತಿಯ ಹಿಂದಿನ ಮೂಲೆಯಲ್ಲಿ, ಕಿಟಕಿಯ ಕೆಳಗೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡುವುದು, ಇಪ್ಪತ್ತೊಂದು ಮಕ್ಕಳನ್ನೂ ಒಂದು ಸುತ್ತು ನೋಡುವುದು. ಪಾಠದಲ್ಲಿದ್ದರೆ ಚುಕ್ಕೆ, ಬೇರೆಲ್ಲೋ ಇದ್ದರೆ ಗೀಟು, ತೂಕಡಿಸುತ್ತಿದ್ದರೆ ಸೊನ್ನೆ. ಆಮೇಲೆ ಯಾರ ಮನೆಯಲ್ಲಿ ಎಷ್ಟು ಕುರಿ, ಯಾರು ಬೆಳಿಗ್ಗೆ ನೀರು ಹೊರುತ್ತಾರೆ, ಯಾರು ಸಗಣಿ ಬಾಚುತ್ತಾರೆ ಎಂದು ಮನೆಮನೆಗೆ ಹೋಗಿ ಬರೆದುಕೊಂಡಿದ್ದೆ. ಕೆಲಸ ಹೆಚ್ಚು ಮಾಡುವ ಮಗು ಹೆಚ್ಚು ತೂಕಡಿಸುತ್ತದೆ. ಇದನ್ನು ಸಾಬೀತು ಮಾಡುವುದೊಂದೇ ಬಾಕಿ ಎಂದುಕೊಂಡಿದ್ದೆ.

ನಾನು ಹಾಳೆಗಳನ್ನು ಮಕ್ಕಳ ಹೆಸರಿನ ಪ್ರಕಾರ ಜೋಡಿಸಿದ್ದೆ. ಎಜೆ ಮಾಡಿದ್ದು ಇಷ್ಟೇ: ಅವನ್ನೆಲ್ಲ ಬಿಚ್ಚಿ ತಾರೀಖಿನ ಪ್ರಕಾರ ಮೇಜಿನ ಉದ್ದಕ್ಕೂ ಹಾಸಿದರು.

“ನೋಡು. ಈ ವಾರ ಸೋಮವಾರ ಸೊನ್ನೆ ಸುರಿದಿದೆ. ಮಂಗಳವಾರ ಇಲ್ಲ. ಬುಧವಾರ ಮತ್ತೆ ಸುರಿದಿದೆ. ಮುಂದಿನ ವಾರ ಮಂಗಳವಾರ, ಗುರುವಾರ. ಅದರ ಮುಂದಿನ ವಾರ ಮತ್ತೆ ಸೋಮ, ಬುಧ, ಶುಕ್ರ. ಮನೆಗೆಲಸ ದಿನಾ ಇರುತ್ತಲ್ಲಮ್ಮ. ಒಂದು ದಿನ ಸುಸ್ತಾಗಿ ಮಾರನೇ ದಿನ ಸುಸ್ತಾಗದೇ ಇರೋ ಮಕ್ಕಳನ್ನ ನಾನು ನೋಡಿಲ್ಲ.”

“ನಾನು ತಪ್ಪು ಬರ್ಕೊಂಡಿರಬೇಕು ಎಜೆ.”

“ತಪ್ಪು ಬರೆಯೋರು ಇಷ್ಟು ಅಚ್ಚುಕಟ್ಟಾಗಿ ಬರೆಯಲ್ಲ. ಇದು ಯಾರು, ಐಜಿರೆಕ್? ಇಡೀ ತರಗತೀಲಿ ಇವಳಿಗೇ ಹೆಚ್ಚು ಸೊನ್ನೆ. ಇವರ ಮನೇಲಿ ಎಷ್ಟು ಕುರಿ?”

“ಒಂದೂ ಇಲ್ಲ.” ನನ್ನ ದನಿ ಸಣ್ಣದಾಯಿತು. “ಪೋಸ್ಟಾಫೀಸಿನ ರಹಿಮಾ ಮಗಳು. ಬೆಕ್ಕು ಕೂಡ ಸಾಕಿಲ್ಲ.”

“ಇವಳ ಪಕ್ಕ?”

“ಕುಂದುಜ್. ನನ್ನ ಮಗಳು.”

ಎಜೆ ನನ್ನ ಮುಖ ನೋಡಿದರು. ಆಮೇಲೆ ನಾನೇ ಬಿಡಿಸಿದ್ದ ತರಗತಿಯ ನಕ್ಷೆಯನ್ನು ಹತ್ತಿರ ಎಳೆದುಕೊಂಡು ಸೊನ್ನೆ ಹೆಚ್ಚಿದ್ದ ಹೆಸರುಗಳ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದರು. ಏಳು ಗುರುತು. ಏಳೂ ಒಂದೇ ಸಾಲಿನಲ್ಲಿ, ಕಾರಿಡಾರಿನ ಕಡೆಯ ಗೋಡೆಗೆ ಅಂಟಿದ ಬೆಂಚುಗಳಲ್ಲಿ.

“ಈ ಗೋಡೆಯಲ್ಲಿ ಏನಿದೆ?”

“ಒಲೆ.” ನಮ್ಮ ಶಾಲೆಯ ಒಲೆಗಳ ಬಾಯಿ ಕಾರಿಡಾರಿನಲ್ಲಿ, ಬೆನ್ನು ತರಗತಿಯಲ್ಲಿ. ಹೊಗೆಗೂಡು ಆ ಗೋಡೆಯೊಳಗೇ ಮೇಲೆ ಹೋಗುತ್ತದೆ. “ಅದು ಬೆಚ್ಚಗಿನ ಗೋಡೆ. ಶೀತದ ಮಕ್ಕಳನ್ನ ಅಲ್ಲಿ ಕೂರಿಸ್ತಾರೆ.”

“ಸೊನ್ನೆ ಶುರುವಾಗೋದು ಮೂರನೇ ಪೀರಿಯಡ್‌ನಲ್ಲಿ. ಮೊದಲನೇದ್ರಲ್ಲಿ ಒಂದೂ ಇಲ್ಲ. ಬುರುಲ್, ನಿಮ್ಮ ಶಾಲೇಲಿ ದಿನ ಬಿಟ್ಟು ದಿನ ಬದಲಾಗೋದು ಏನು? ಟೀಚರಾ? ಊಟಾನಾ?”

“ಟೀಚರ್ ಜುಮಾಗುಲ್ ಎಜೆ ಒಬ್ಬರೇ. ಊಟ ದಿನಾ ಅದೇ ಗಂಜಿ.”

“ಮತ್ತೆ?”

“ಒಲೆ ಹಚ್ಚೋರು,” ಎಂದೆ.

ಇಬ್ಬರಿದ್ದಾರೆ. ಸತಾರ್ ಸೋಮಾರಿ. ಕಲ್ಲಿದ್ದಲು ಸುರಿದು ಬೆಂಕಿ ಹಚ್ಚಿ ಹೋದರೆ ಹೊಗೆಗೂಡಿನ ತಗಡು ಮುಚ್ಚಲು ಕೂಡ ಮರಳಿ ಬರುವುದಿಲ್ಲ, ಶಾಖವೆಲ್ಲ ಆಕಾಶಕ್ಕೆ. ಅವನ ದಿನ ಮಕ್ಕಳು ಕೋಟು ಹಾಕಿಕೊಂಡೇ ಬರೆಯುತ್ತಾರೆ, ಎಲ್ಲರೂ ಅವನನ್ನು ಬೈಯುತ್ತಾರೆ. ಕಾಲ್ಚಾ ಮುದುಕ ಹಾಗಲ್ಲ. ಕೆಂಡ ಕೆಂಪಗಿರುವಾಗಲೇ, ಹತ್ತು ಗಂಟೆಗೆ ಸರಿಯಾಗಿ ತಗಡು ಎಳೆದು ಮುಚ್ಚುತ್ತಾನೆ. ಒಂದು ಬಕೆಟ್ ಕಲ್ಲಿದ್ದಲಲ್ಲಿ ಸಂಜೆಯವರೆಗೆ ಕೋಣೆ ಬಿಸಿ. ಹೊಸ ವರ್ಷದ ದಿನ ಶಾಲೆ ಅವನಿಗೆ ಟೋಪಿ ಉಡುಗೊರೆ ಕೊಟ್ಟಿತ್ತು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು.

ಮುಚ್ಚಿದ ಗೂಡು. ಉರಿಯುವ ಕೆಂಡ. ಗೋಡೆಯಲ್ಲಿ ಎಲ್ಲೋ ಒಂದು ಬಿರುಕು. ನಮ್ಮಲ್ಲಿ ಇದಕ್ಕೆ ಹೊಗೆ ಮುಟ್ಟುವುದು ಎನ್ನುತ್ತಾರೆ, ಆದರೆ ಅದು ಕಣ್ಣಿಗೆ ಕಾಣುವ ಹೊಗೆಯಲ್ಲ. ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮು ಬರಿಸುವುದಿಲ್ಲ. ತಲೆ ನೋಯುತ್ತದೆ, ನಿದ್ದೆ ಬರುತ್ತದೆ, ಅಷ್ಟೇ. ಪ್ರತಿ ಚಳಿಗಾಲ ಎಲ್ಲೋ ಒಂದು ಮನೆಯವರು ಬೆಳಿಗ್ಗೆ ಏಳುವುದಿಲ್ಲ.

“ನಿನ್ನೆ ಯಾರ ಪಾಳಿ?” ಎಜೆ ಕೇಳಿದರು.

“ಸತಾರ್‌ದು.”

ಇಬ್ಬರೂ ಗೋಡೆ ಗಡಿಯಾರ ನೋಡಿದೆವು. ಹತ್ತೂ ಇಪ್ಪತ್ತೆರಡು.

ಇವತ್ತು ನಾಲ್ಕನೇ ತರಗತಿಯಲ್ಲಿ ಪ್ರದರ್ಶನ ಪಾಠ. ಜಿಲ್ಲೆಯ ತಪಾಸಣಾ ಕಮಿಷನ್ ಬರುತ್ತಿತ್ತು. ಹತ್ತೂವರೆಯಿಂದ ಹನ್ನೆರಡರವರೆಗೆ, ನಡುವೆ ಬಿಡುವಿಲ್ಲದ ಪಾಠ. ಅದಕ್ಕಾಗಿ ವಾರವಿಡೀ ತಯಾರಿ ನಡೆದಿತ್ತು. ಕಿಟಕಿಯ ಸಂದುಗಳಿಗೆಲ್ಲ ಹಿಟ್ಟಿನ ಅಂಟಿನಲ್ಲಿ ಹೊಸ ಕಾಗದದ ಪಟ್ಟಿ, ಬಾಗಿಲ ಕೆಳಗೆ ನಮದಾ ಉಣ್ಣೆಗಂಬಳಿಯ ತುಂಡು. ನನ್ನ ಸ್ಟೂಲಿನ ಹಿಂದೆ ಒಡೆದ ಗಾಜೊಂದಿತ್ತು, ಅದಕ್ಕೆ ಚಿಂದಿ ತುರುಕಿದ್ದರೂ ನಾಲ್ಕು ತಿಂಗಳು ಅದರ ಗಾಳಿ ನನ್ನ ಕತ್ತನ್ನು ಕೊರೆದಿತ್ತು. ಮುಖ್ಯೋಪಾಧ್ಯಾಯರು ಮೊನ್ನೆ ಅದಕ್ಕೆ ಹೊಸ ಗಾಜು ಹಾಕಿಸಿದ್ದರು. “ಬಂದೋರು ನಮ್ಮಲ್ಲಿ ನಡುಗಬಾರದು,” ಎಂದಿದ್ದರು. ನನಗೆ ಮಾತ್ರ ಆ ದಿನ ಬರಬೇಡ ಎಂದಿದ್ದರು. “ನೀನು ಮೂಲೇಲಿ ಗಡಿಯಾರ ಹಿಡ್ಕೊಂಡು ಕೂತ್ರೆ ಕಮಿಷನ್‌ನೋರು ಯಾರ ಮೇಲೆ ಕೇಸು ಅಂತ ಗಾಬರಿಯಾಗ್ತಾರೆ, ಬುರುಲ್.”

ನನಗೆ ಏಕೆ ಏನೂ ಆಗಿರಲಿಲ್ಲ ಎಂಬುದು ಆಗ ಹೊಳೆಯಿತು. ಆ ಒಡೆದ ಗಾಜು.

ಫೋನು ಹಚ್ಚಿದೆ. ಜುಮಾಗುಲ್ ಎಜೆಗೆ, ಮುಖ್ಯೋಪಾಧ್ಯಾಯರಿಗೆ, ಅತ್ತೆಗೆ, ರಹಿಮಾಗೆ. ಯಾವುದೂ ರಿಂಗ್ ಆಗಲಿಲ್ಲ. ಚಳಿ ಮೈನಸ್ ಮೂವತ್ತು ದಾಟಿದರೆ ನಮ್ಮೂರಿನ ಕರೆಂಟು ಹೋಗುತ್ತದೆ, ಕರೆಂಟು ಹೋದರೆ ಟವರು ಸಾಯುತ್ತದೆ. ಬೆಳಿಗ್ಗೆ ನಾನು ಮೇಣದಬತ್ತಿಯ ಬೆಳಕಲ್ಲೇ ಕುಂದುಜ್‌ಗೆ ಜಡೆ ಹಾಕಿದ್ದೆ.

“ಓಡು,” ಎಂದರು ಎಜೆ, ಆಗಲೇ ಮೇಜಿನ ಫೋನು ಎತ್ತಿಕೊಂಡಿದ್ದರು. “ಆಂಬುಲೆನ್ಸ್‌ಗೆ ನಾನು ಹೇಳ್ತೀನಿ. ಹಾಳೆ ಬಿಡು, ಹೋಗು!”

* * *

ಬಜಾರಿನ ಮುಂದೆ ನಮ್ಮೂರಿನ ಟ್ಯಾಕ್ಸಿ ಒಂದೇ ಇತ್ತು. ಅದರ ಡ್ರೈವರು ಜೆನಿಶ್, ನಮಗೆಲ್ಲ ಬಾಯ್ಕೆ, ಅಂದರೆ ಅಣ್ಣ, ಸೂರ್ಯಕಾಂತಿ ಬೀಜ ಬಿಡಿಸುತ್ತ ನಿಂತಿದ್ದ. ನಾಲ್ಕು ಜನ ತುಂಬದೆ ಅವನ ಕಾರು ಅಲುಗುವುದಿಲ್ಲ.

“ಬಾ ತಂಗಿ, ನೀನು ಒಂದಾಯ್ತು. ಇನ್ನು ಮೂರು ಜನ.”

“ನಾಲ್ಕೂ ಸೀಟು ನಂದೇ. ಹೊರಡು ಬಾಯ್ಕೆ.”

“ಓಹೋ! ಓದಿ ಓದಿ ದಪ್ಪ ಆಗಿದ್ದೀಯಾ?”

“ಕುಂದುಜ್‌ಗೆ ಹೊಗೆ ಮುಟ್ಟಿದೆ. ಶಾಲೇಲಿ. ಇಡೀ ತರಗತಿಗೆ.”

ಅವನು ಕೈಯಲ್ಲಿದ್ದ ಬೀಜ ಹಿಮಕ್ಕೆ ಚೆಲ್ಲಿದ. ಕಾರಿನ ಬಾಗಿಲು ತೆರೆದ. ಅವನ ಅಣ್ಣನ ಮಗನೂ ಅದೇ ತರಗತಿ.

ಪಟ್ಟಣ ದಾಟಿದ ಮೇಲೆ ನದಿಯ ಮೇಲಿನ ಮಂಜು ರಸ್ತೆಗೆ ಹತ್ತಿತ್ತು. ಜೆನಿಶ್ ಬಾಯ್ಕೆ ಮುಂದಕ್ಕೆ ಬಾಗಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಕೂತು ಓಡಿಸುತ್ತಿದ್ದ. ತಿರುವುಗಳಲ್ಲಿ ಕಾರಿನ ಹಿಂಭಾಗ ಜಾರಿ ಮತ್ತೆ ಸಾಲಿಗೆ ಬರುತ್ತಿತ್ತು. ನಾನು ಗಡಿಯಾರ ನೋಡುತ್ತಿದ್ದೆ. ನಾಲ್ಕು ತಿಂಗಳ ಅಭ್ಯಾಸ, ಐದು ನಿಮಿಷಕ್ಕೊಮ್ಮೆ ಕಣ್ಣು ತಾನಾಗಿಯೇ ಮಣಿಕಟ್ಟಿಗೆ ಹೋಗುತ್ತಿತ್ತು. ಹತ್ತೂ ಮೂವತ್ತೈದು. ಕಮಿಷನ್‌ನವರು ಒಳಗೆ ಬಂದಿರುತ್ತಾರೆ, ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳಿರುತ್ತಾರೆ. ಹತ್ತೂ ನಲವತ್ತು. ಚುಕ್ಕೆ. ಹತ್ತೂ ನಲವತ್ತೈದು. ಗೀಟು.

“ಮಾತಾಡು ತಂಗಿ,” ಎಂದ ಬಾಯ್ಕೆ. “ನೀನು ಸುಮ್ಮನಿದ್ರೆ ನಂಗೆ ಇನ್ನೂ ಭಯ ಆಗ್ತದೆ.”

ಏನು ಮಾತಾಡಲಿ? ಬೆಳಿಗ್ಗೆ ಅವಳು “ಅಮ್ಮಾ, ತಲೆ ನೋವು, ಇವತ್ತು ಹೋಗಲ್ಲ” ಅಂದಿದ್ದಳು. ಪ್ರದರ್ಶನ ಪಾಠದ ದಿನ ತಪ್ಪಿಸಿಕೊಂಡರೆ ಜುಮಾಗುಲ್ ಎಜೆಗೆ ಅವಮಾನ, ಪದ್ಯ ಹೇಳುವವಳೇ ನೀನು, ನಡಿ ಎಂದು ಬಾಗಿಲವರೆಗೆ ತಳ್ಳಿದ್ದೆ. ಇದನ್ನು ಹೇಳಲೇ? ನವೆಂಬರ್‌ನಲ್ಲಿ ಅವಳಿಗೆ ಕೆಮ್ಮು ಬಂದಾಗ ನಾನೇ ಜುಮಾಗುಲ್ ಎಜೆಯ ಕೈ ಹಿಡಿದು, “ಎಜೆ, ಇವಳನ್ನ ಸ್ವಲ್ಪ ಬೆಚ್ಚಗಿನ ಗೋಡೆ ಹತ್ರ ಕೂರಿಸ್ತೀರಾ?” ಎಂದು ಕೇಳಿದ್ದೆ. ಗೋಡೆಗೆ ಅಂಟಿದ ಜಾಗ ಐಜಿರೆಕ್‌ಳದ್ದಾಗಿತ್ತು. ಟೀಚರ ಮಗಳು ಎಂದು ಅವಳನ್ನು ಈಚೆಗೆ ಸರಿಸಿ ಆ ಜಾಗ ಕುಂದುಜ್‌ಗೆ ಕೊಟ್ಟರು. ಸಂಜೆ ಮನೆಗೆ ಬಂದ ಮೇಲೆ ಹಾಳೆ ತೋರಿಸಿ ಬೈಯುತ್ತಿದ್ದೆ. “ನೋಡು, ನಿನ್ನ ಹೆಸರಿನ ಮುಂದೆ ಒಂಬತ್ತು ಸೊನ್ನೆ. ಅಮ್ಮ ಮೂಲೇಲಿ ಕೂತಿರ್ತೀನಿ ಅಂತ ಗೊತ್ತಿದ್ದೂ ತೂಕಡಿಸ್ತೀಯಲ್ಲ, ನಾಚಿಕೆ ಆಗಲ್ವಾ?” ಅವಳು ನಾಚಿಕೊಂಡಿದ್ದಳು. ಕಣ್ಣು ಅಗಲಿಸಿಕೊಂಡು ಕೂರಲು ಪ್ರಯತ್ನಪಟ್ಟಿದ್ದಳು. ಅದನ್ನೂ ನಾನು ನೋಡಿದ್ದೆ, ಚುಕ್ಕೆ ಹಾಕಿದ್ದೆ.

ಇಪ್ಪತ್ತನೇ ಕಿಲೋಮೀಟರಿನಲ್ಲಿ ಕುದುರೆ ಹಿಂಡೊಂದು ರಸ್ತೆ ತುಂಬ ನಿಂತಿತ್ತು. ಬಾಯ್ಕೆ ಹಾರ್ನ್ ಒತ್ತಿದ, ಬೈದ, ಕೊನೆಗೆ ಕಾರಿನಿಂದ ಇಳಿದು ಟೋಪಿ ಬೀಸುತ್ತ ಅವುಗಳ ನಡುವೆ ಓಡಿದ. ಕುದುರೆಗಳ ಮೂಗಿನಿಂದ ಹಬೆ ಏಳುತ್ತಿತ್ತು. ಅವಕ್ಕೆ ಅವಸರವಿರಲಿಲ್ಲ. ನಾಲ್ಕು ನಿಮಿಷ ಹೋಯಿತು. ನಾನು ಸೀಟಿನಲ್ಲಿ ಕೂತು, ಬಾಯಿ ತೆರೆದು, ನಿಧಾನಕ್ಕೆ ಉಸಿರು ಎಳೆದು ನೋಡಿದೆ. ಒಂದು ಮಗು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ? ನಾಲ್ಕು ನಿಮಿಷಕ್ಕೆ ಎಷ್ಟು? ಲೆಕ್ಕ ನಿಲ್ಲಿಸಲು ಆಗಲಿಲ್ಲ.

“ನಮ್ಮ ಚಿಕ್ಕಮ್ಮನ ಮನೇಲಿ ಆಗಿತ್ತು,” ಕಾರು ಮತ್ತೆ ಹೊರಟ ಮೇಲೆ ಬಾಯ್ಕೆ ಹೇಳಿದ. “ನಾಯಿ ಬಾಗಿಲು ಕೆರೀತಿತ್ತಂತೆ. ಎಲ್ರೂ...” ಅಲ್ಲಿಗೆ ನಿಲ್ಲಿಸಿದ. “ಇಲ್ಲ. ಅದು ಬೇಡ. ಇದು ಹಗಲು. ದೊಡ್ಡೋರು ಇದ್ದಾರೆ ಅಲ್ಲಿ. ಯಾರಿಗಾದ್ರೂ ಗೊತ್ತಾಗ್ತದೆ.”

ಯಾರಿಗೆ ಗೊತ್ತಾಗುತ್ತದೆ? ಮಕ್ಕಳಿಗೆ ವಾರದಿಂದ ಹೇಳಿಕೊಟ್ಟಿರುವುದು ಒಂದೇ: ಕಮಿಷನ್ ಮುಂದೆ ಅಲುಗಬಾರದು, ಕೈ ಕಟ್ಟಿ ನೆಟ್ಟಗೆ ಕೂರಬೇಕು, ಏನೇ ಆದರೂ ಎದ್ದು ಹೊರಗೆ ಹೋಗಬಾರದು. ನನ್ನ ಎರಡನೇ ತರಗತಿಯ ಪ್ರದರ್ಶನ ಪಾಠಕ್ಕೂ ನಾನು ಹಾಗೇ ಹೇಳಿಕೊಟ್ಟಿದ್ದೆ. ಒಬ್ಬ ಹುಡುಗ ಕೂತಲ್ಲೇ ಒದ್ದೆ ಮಾಡಿಕೊಂಡಿದ್ದ. ಆಮೇಲೆ ನಾವು ಟೀಚರುಗಳೆಲ್ಲ ಅದನ್ನು ಹೇಳಿಕೊಂಡು ನಕ್ಕಿದ್ದೆವು.

* * *

ಶಾಲೆಯ ಅಂಗಳ ಗುಡಿಸಿ ಕನ್ನಡಿಯಾಗಿತ್ತು. ಹನ್ನೊಂದೂ ಇಪ್ಪತ್ತಾರು. ಚಾವಣಿಯ ಹೊಗೆಗೂಡಿನಿಂದ ಒಂದು ಎಳೆ ಹೊಗೆಯೂ ಏಳುತ್ತಿರಲಿಲ್ಲ.

ಕಾರಿಡಾರಿನಲ್ಲಿ ಮುಖ್ಯೋಪಾಧ್ಯಾಯ ಶೇರಾಲಿ ಆಗಾಯ್, ಅಂದರೆ ಶೇರಾಲಿ ಮೇಷ್ಟ್ರು, ಕೋಟು ಟೈ ಹಾಕಿಕೊಂಡು ನಾಲ್ಕನೇ ತರಗತಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ನನ್ನನ್ನು ಕಂಡೊಡನೆ ಬೆರಳು ತುಟಿಗೆ ಇಟ್ಟರು.

“ಶ್! ಒಳಗಿದ್ದಾರೆ. ನಿನಗೆ ಇವತ್ತು ಬರಬೇಡ ಅಂತ...”

“ಬಾಗಿಲು ತೆಗೀರಿ ಆಗಾಯ್. ಹೊಗೆ ಮುಟ್ಟಿದೆ ಮಕ್ಕಳಿಗೆ.”

“ಎಲ್ಲಿದೆ ಹೊಗೆ?” ಪಿಸುಗುಟ್ಟುತ್ತಲೇ ರೇಗಿದರು. “ಮೂಸಿ ನೋಡು, ಹೊಗೆ ವಾಸನೆ ಇದ್ಯಾ? ಎಷ್ಟು ಶಾಂತವಾಗಿ ಕೂತಿದ್ದಾರೆ ಗೊತ್ತಾ, ಈ ತರಗತಿ ಇಷ್ಟು ಶಾಂತವಾಗಿ ಯಾವತ್ತೂ ಕೂತಿಲ್ಲ. ಅರ್ಧ ಗಂಟೆ, ಬುರುಲ್. ಅರ್ಧ ಗಂಟೆ ತಡ್ಕೋ, ನಿನ್ನ ಕಾಲಿಗೆ ಬೀಳ್ತೀನಿ.”

ಒಲೆಯ ಪಕ್ಕ ಕಾಲ್ಚಾ ಮುದುಕ ಉಡುಗೊರೆಯ ಟೋಪಿ ಹಾಕಿಕೊಂಡು ಕೂತಿದ್ದ. “ಒಳಗೆ ಬೇಸಿಗೆ ಮಾಡಿಟ್ಟಿದ್ದೀನಿ ಮಗಳೇ,” ಎಂದ ಹೆಮ್ಮೆಯಿಂದ. “ಇವತ್ತು ಎರಡು ಬಕೆಟ್ ಹಾಕಿ ಮುಚ್ಚಿದೆ. ಪಟ್ಟಣದೋರು ಬರ್ತಾರೆ ಅಂತ.”

ಎರಡು ಬಕೆಟ್.

ನಾನು ಮೆಲುದನಿಯವಳು. ನನಗಿಂತ ಹಿರಿಯರ ಮುಂದೆ ದನಿ ಎತ್ತಿದವಳೇ ಅಲ್ಲ. ಆಗಾಯ್‌ರ ಟೈ ಹಿಡಿದು ಪಕ್ಕಕ್ಕೆ ಎಳೆದೆ. ಬಾಗಿಲು ಕೆಳಗಿನ ನಮದಾಕ್ಕೆ ಸಿಕ್ಕಿಕೊಂಡಿತು. ನನ್ನ ಹಿಂದೆಯೇ ಬಂದ ಜೆನಿಶ್ ಬಾಯ್ಕೆ ಭುಜ ಕೊಟ್ಟು ನೂಕಿದ.

ಮೊದಲು ಮುಖಕ್ಕೆ ಬಡಿದದ್ದು ಬಿಸಿ. ಒಳ್ಳೆಯ, ಹಿತವಾದ ಬಿಸಿ, ಹೊರಗಿನ ಚಳಿಯಿಂದ ಬಂದವರು ಅಬ್ಬಾ ಎಂದು ಕಣ್ಣು ಮುಚ್ಚುವಂಥದ್ದು. ಮಕ್ಕಳು ಕೈ ಕಟ್ಟಿ ಕೂತಿದ್ದರು. ಬಿಳಿ ಅಂಗಿ, ಬಿಳಿ ರಿಬ್ಬನ್. ಕೆನ್ನೆಗಳು ಕೆಂಪಗೆ, ಆರೋಗ್ಯವಾಗಿ ಹೊಳೆಯುತ್ತಿದ್ದವು. ಬೋರ್ಡಿನ ಮುಂದೆ ಜುಮಾಗುಲ್ ಎಜೆ ಕೋಲು ಹಿಡಿದು ನಕ್ಷೆಯಲ್ಲಿ ನದಿಯೊಂದನ್ನು ತೋರಿಸುತ್ತ, “ಈ ನದಿ ಎಲ್ಲಿ ಹುಟ್ಟುತ್ತದೆ? ಈ ನದಿ ಎಲ್ಲಿ ಹುಟ್ಟುತ್ತದೆ? ಈ ನದಿ...” ಎನ್ನುತ್ತಿದ್ದರು. ಯಾರೂ ಉತ್ತರಿಸಲಿಲ್ಲ. ಹಿಂದೆ ಕೂತಿದ್ದ ಕಮಿಷನ್‌ನ ಇಬ್ಬರಲ್ಲಿ ಹೆಂಗಸು ಹಣೆ ಒತ್ತಿಕೊಳ್ಳುತ್ತಿದ್ದಳು, ಗಂಡಸಿನ ಗದ್ದ ಎದೆಯ ಮೇಲೆ ಬಿದ್ದಿತ್ತು.

“ಎಲ್ರೂ ಹೊರಗೆ!” ಎಂದು ಕೂಗಿದೆ.

ಯಾರೂ ಅಲುಗಲಿಲ್ಲ. ಅಲುಗಬಾರದೆಂದು ನಾವೇ ಕಲಿಸಿದ್ದೆವು. ಅರ್ಧ ಮಕ್ಕಳು ನನ್ನ ಮುಖ ನೋಡಿ, ಆಮೇಲೆ ಜುಮಾಗುಲ್ ಎಜೆಯ ಅಪ್ಪಣೆಗೆ ಕಾದರು.

ನಾನು ಸ್ಟೂಲು ಎತ್ತಿ ಹೊಸ ಗಾಜಿಗೆ ಬೀಸಿದೆ. ಆ ಸದ್ದಿಗೆ ಕೋಣೆ ಎಚ್ಚರವಾಯಿತು. ಬಾಯ್ಕೆ ಒಬ್ಬೊಬ್ಬರನ್ನೇ ಕಂಕುಳಿಗೆ ಸಿಕ್ಕಿಸಿಕೊಂಡು ಕಾರಿಡಾರಿಗೆ ಎಸೆಯತೊಡಗಿದ. ಆಗಾಯ್ ಬಾಗಿಲಲ್ಲಿ ನಿಂತು “ಏನಿದು, ಏನಿದು” ಎನ್ನುತ್ತಿದ್ದವರು, ಮೊದಲ ಮಗು ಅವರ ಬೂಟಿನ ಮೇಲೆ ವಾಂತಿ ಮಾಡಿದ ಮೇಲೆ ಮಾತು ನಿಲ್ಲಿಸಿ ತಾವೂ ಎರಡು ಮಕ್ಕಳನ್ನು ಎತ್ತಿಕೊಂಡರು.

ನಾನು ಗೋಡೆಯ ಸಾಲಿಗೆ ಹೋದೆ. ಮೂರನೇ ಬೆಂಚು. ಐಜಿರೆಕ್ ಈಚೆ, ಕುಂದುಜ್ ಆಚೆ, ಗೋಡೆಗೆ ತಲೆಯಾನಿಸಿಕೊಂಡು. ಕೈ ಇನ್ನೂ ಕಟ್ಟಿಕೊಂಡೇ ಇದ್ದಳು. ಮೇಜು ಮತ್ತು ಬೆಂಚು ಒಂದೇ ಮರದ ಚೌಕಟ್ಟು, ನೆಲಕ್ಕೆ ಮೊಳೆ ಹೊಡೆದದ್ದು. ಐಜಿರೆಕ್‌ಳನ್ನು ತೆಗೆಯದೆ ನನ್ನ ಮಗಳು ಸಿಗುವ ಹಾಗಿರಲಿಲ್ಲ. ಐಜಿರೆಕ್ ಒದ್ದೆ ಹಿಟ್ಟಿನ ಚೀಲದಷ್ಟು ಭಾರವಾಗಿದ್ದಳು. ಅವಳ ಕಾಲೊಂದು ಮೇಜಿನ ಕೆಳಗಿನ ಪಟ್ಟಿಗೆ ಸಿಕ್ಕಿಕೊಂಡಿತ್ತು. ಎಳೆದೆ, ಬರಲಿಲ್ಲ. ಮತ್ತೆ ಎಳೆದೆ. ಬಿಟ್ಟು ಅವಳ ಮೇಲೆಯೇ ಹತ್ತಿ ಕುಂದುಜ್‌ಳ ತೋಳು ಹಿಡಿಯಲೇ ಎಂದು ಅನ್ನಿಸಿತು. ಅನ್ನಿಸಿದ್ದು ನಿಜ, ಮುಚ್ಚಿಡುವುದಿಲ್ಲ. ಬಗ್ಗಿ ಅವಳ ಬೂಟು ಕಿತ್ತೆ. ಕಾಲು ಬಂತು. ಅವಳನ್ನು ಬಾಯ್ಕೆಯ ಕೈಗೆ ಕೊಟ್ಟು ತಿರುಗುವ ಹೊತ್ತಿಗೆ ಕುಂದುಜ್ ಗೋಡೆಯಿಂದ ಜಾರಿ ಬೆಂಚಿನ ಮೇಲೆ ಮಲಗಿದ್ದಳು.

ಅಂಗಳದ ಹಿಮದ ಮೇಲೆ ಮಲಗಿಸಿದೆ. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಸುತ್ತ ಮಕ್ಕಳು ಅಳುತ್ತಿದ್ದರು, ವಾಂತಿ ಮಾಡುತ್ತಿದ್ದರು, ಒಬ್ಬ ಹುಡುಗ ಸುಮ್ಮನೆ ನಗುತ್ತಿದ್ದ. ಯಾರೋ ಎಣಿಸುತ್ತಿದ್ದರು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. “ಇಪ್ಪತ್ತೊಂದು ನನ್ನ ಹತ್ರ ಇದೆ!” ಎಂದು ಕೂಗಿದೆ. ಮಗಳ ಹೆಸರಿನ ಬದಲು ಸಂಖ್ಯೆ ಬಂದಿತ್ತು ಬಾಯಿಗೆ.

“ಕುಂದುಜ್. ಏಳು. ಕುಂದುಜ್.”

ಕೆನ್ನೆಗೆ ಹೊಡೆದೆ. ಹಿಮ ಉಜ್ಜಿದೆ. ಕಿವಿಯನ್ನು ಅವಳ ಮೂಗಿನ ಹತ್ತಿರ ಇಟ್ಟೆ. ನನ್ನದೇ ರಕ್ತದ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಎದುರು ಮನೆಯ ಮುದುಕಿ ಅಯ್ರಾನ್ ಮಜ್ಜಿಗೆಯ ಪಾತ್ರೆ ಹಿಡಿದು ಓಡಿಬಂದಳು, “ಕುಡಿಸು, ಹುಳೀದು, ಕುಡಿಸು” ಎನ್ನುತ್ತ. ಬಾಯಿ ತೆರೆಯದ ಮಗುವಿಗೆ ಹೇಗೆ ಕುಡಿಸುವುದು? ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಊದಿದೆ. ವರ್ಷಕ್ಕೊಮ್ಮೆ ಟೀಚರುಗಳಿಗೆ ಗೊಂಬೆಯ ಮೇಲೆ ಕಲಿಸುತ್ತಾರೆ, ನಾವು ಆಗಲೂ ನಗುತ್ತಿದ್ದೆವು. ಊದಿದೆ. ಎದೆ ಏರಿತು, ಇಳಿಯಿತು. ಊದಿದೆ. ಎಷ್ಟು ಸಲ ಎಂದು ಗೊತ್ತಿಲ್ಲ. ಜೀವನದಲ್ಲಿ ಅದೊಂದನ್ನು ನಾನು ಎಣಿಸಲಿಲ್ಲ.

ಅವಳು ಕೆಮ್ಮಿದಳು. ಆಮೇಲೆ ನನ್ನ ಕೋಟಿನ ಮೇಲೆಲ್ಲ ವಾಂತಿ ಮಾಡಿಕೊಂಡಳು. ಅಷ್ಟು ಚೆಂದದ ವಾಸನೆಯನ್ನು ನಾನು ಈವರೆಗೆ ಮೂಸಿಲ್ಲ.

ಜುಮಾಗುಲ್ ಎಜೆ ಹಿಮದಲ್ಲಿ ಕೂತಿದ್ದರು, ಕೋಲು ಇನ್ನೂ ಕೈಯಲ್ಲೇ ಇತ್ತು. “ಅವಳು ಪದ್ಯ ಮರೆತುಬಿಟ್ಟಳು,” ಎಂದರು ನನ್ನನ್ನು ನೋಡಿ. “ಕಣ್ಣಲ್ಲೇ ಗದರಿಸಿದೆ ಬುರುಲ್. ನಿಮ್ಮಮ್ಮನಿಗೆ ಹೇಳ್ತೀನಿ ಅನ್ನೋ ಹಾಗೆ.”

* * *

ಆಂಬುಲೆನ್ಸ್ ಎರಡು ಸಲ ಓಡಾಡಿತು. ಒಂಬತ್ತು ಮಕ್ಕಳನ್ನು ಪಟ್ಟಣದ ಆಸ್ಪತ್ರೆಗೆ ಸೇರಿಸಿದರು, ಕಮಿಷನ್‌ನ ಗಂಡಸನ್ನೂ. ಎಲ್ಲರೂ ಉಳಿದರು. ಐಜಿರೆಕ್ ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡು ಪಕ್ಕದ ಮಂಚದಲ್ಲಿ ಮಲಗಿದ್ದಳು. ರಹಿಮಾ ನನ್ನ ಕೈ ಹಿಡಿದು ಮುತ್ತಿಟ್ಟಳು. ನಾನು ಕೈ ಎಳೆದುಕೊಂಡೆ.

ಮಧ್ಯಾಹ್ನ ಮೂರಕ್ಕೆ ಶೇರಾಲಿ ಆಗಾಯ್ ಬಂದರು. ಟೈ ಇರಲಿಲ್ಲ. ಗೋಡೆಯ ಮೇಲಿನ ವಾರ್ತಾಫಲಕ ತೆಗೆಸಿದರಂತೆ, ಅದರ ಹಿಂದೆ, ಮೂರನೇ ಬೆಂಚಿನ ನೇರಕ್ಕೆ, ಬೆರಳು ಹೋಗುವಷ್ಟು ಬಿರುಕು, ಸುತ್ತ ಮಸಿ. “ಕಾಲ್ಚಾ ಅಳ್ತಾ ಕೂತಿದ್ದಾನೆ,” ಎಂದರು. ಟೋಪಿ ತಿರುಗಿಸುತ್ತ, “ಬುರುಲ್, ನಿನ್ನ ಆ ಬರವಣಿಗೇಲಿ... ಶಾಲೆ ಹೆಸರು ಹಾಕ್ತೀಯಾ?” ಎಂದರು.

“ಎಲ್ಲದರ ಹೆಸರೂ ಹಾಕ್ತೀನಿ ಆಗಾಯ್. ನನ್ನದು ಮೊದಲು.”

ಅವರು ತಲೆ ತಗ್ಗಿಸಿ ಹೊರಟುಹೋದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ನನ್ನ ಹಾಗೆಯೇ ನಿದ್ದೆಗೆಟ್ಟವಳು. ಇವತ್ತಿನ ಅಪಾಯ ಕಳೆಯಿತು ಎಂದಳು. “ಆದ್ರೆ ಇವತ್ತೊಂದೇ ದಿನದ್ದಲ್ಲ ಅಂತೀರಲ್ಲ. ಎಷ್ಟು ದಿನದಿಂದ?”

“ನವೆಂಬರ್‌ನಿಂದ. ದಿನ ಬಿಟ್ಟು ದಿನ.”

“ಅಷ್ಟು ನಿಖರವಾಗಿ ಹೇಗೆ ಗೊತ್ತು?”

ಬರೆದಿಟ್ಟಿದ್ದೇನೆ, ಎಂದೆ. ನಿಮಿಷದ ಸಮೇತ. ಅವಳು ನನ್ನನ್ನು ನೋಡಿದಳು. ನೆನಪಿನ ಶಕ್ತಿ, ತಲೆನೋವು, ಓದು, ಇವನ್ನೆಲ್ಲ ಕೆಲವು ತಿಂಗಳು ಗಮನಿಸುತ್ತಿರಬೇಕು, ಈಗಲೇ ಏನೂ ಹೇಳಲಾಗದು ಎಂದಳು. “ಆ ಹಾಳೆಗಳನ್ನ ನನಗೂ ತಂದುಕೊಡಿ. ಈಗ ಅವಳು ಮಲಗಲಿ. ನಿದ್ದೆ ಒಳ್ಳೇದು.”

ನಿದ್ದೆ ಒಳ್ಳೆಯದು. ನಾನು ಮಂಚದ ಪಕ್ಕ ಕೂತೆ. ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಟ್ಟೆ. ನರ್ಸ್ ಬಂದು ಮುಚ್ಚಿದಳು, ಅವಳು ಹೋದ ಮೇಲೆ ಮತ್ತೆ ತೆರೆದೆ. ಕುಂದುಜ್‌ಳ ರೆಪ್ಪೆ ಇಳಿಯುತ್ತಿತ್ತು, ಅವಳು ಬಲವಂತದಿಂದ ಅದನ್ನು ಮೇಲೆತ್ತುತ್ತಿದ್ದಳು, ಮತ್ತೆ ಇಳಿಯುತ್ತಿತ್ತು. ಆ ಹೋರಾಟ ನನಗೆ ಚೆನ್ನಾಗಿ ಗೊತ್ತಿತ್ತು. ಮೂಲೆಯ ಸ್ಟೂಲಿನಿಂದ ಎಷ್ಟೋ ಸಲ ನೋಡಿದ್ದೆ.

“ಅಮ್ಮಾ,” ಎಂದಳು, ನಾಲಗೆ ತೊದಲುತ್ತಿತ್ತು. “ತುಂಬಾ ನಿದ್ದೆ ಬರ್ತಿದೆ. ಮಲಗ್ಲಾ?”

“ಮಲಗು ಮಗಳೇ.”

“ಬರ್ಕೊಳಲ್ಲ ತಾನೇ?”

“ಇಲ್ಲ.”

ಅವಳು ಕಣ್ಣು ಮುಚ್ಚಿದಳು. ನಾನು ಗಡಿಯಾರ ಬಿಚ್ಚಿ ಚೀಲದೊಳಗೆ ಹಾಕಿದೆ, ಚೀಲವನ್ನು ಮಂಚದ ಕೆಳಗೆ ತಳ್ಳಿದೆ. ಅಂಗೈಯನ್ನು ಅವಳ ಎದೆಯ ಮೇಲೆ ಇಟ್ಟುಕೊಂಡು ಕೂತೆ. ಏರಿತು. ಇಳಿಯಿತು. ಗಡಿಯಾರ ಇಲ್ಲದೆಯೂ ಐದು ನಿಮಿಷ ಆಯಿತೆಂದು ಗೊತ್ತಾಯಿತು, ಬಗ್ಗಿ ಅವಳ ಮೂಗಿನ ಹತ್ತಿರ ಕಿವಿ ಇಟ್ಟೆ. ಆಮೇಲೆ ಇನ್ನೊಂದು ಐದು ನಿಮಿಷ.